ಕೋರ್ ಗೋದಾಮಿನಲ್ಲಿ ಅಜ್ಜಿ

ಅಹ್ವಾಜಿನ ಗೋದಾಮಿನಲ್ಲಿ ನನ್ನ ಕೆಲಸ ಇಷ್ಟು:
ನೆಲದೊಳಗಿಂದ ಕೊರೆದು ತಂದ ಕಲ್ಲಿನ ಕೋಲುಗಳಿಗೆ
ತಲೆ ಯಾವುದು ಕಾಲು ಯಾವುದು ಗುರುತು ಹಾಕುವುದು,
ಮೂಸುವುದು,
ಯಾರೂ ನೋಡದಾಗ ನಾಲಗೆ ತಾಗಿಸುವುದು.
ಮರಳಾದರೆ ಹಲ್ಲಿಗೆ ಹೇಳುತ್ತದೆ.
ಜೇಡಿಯಾದರೆ ತುಟಿ ಬಿಡುವುದಿಲ್ಲ.

ಈ ಕಪ್ಪು ಪದರ, ಬೆರಳಗಲದ್ದು.
ಇಲ್ಲಿ ಕಡಲಿತ್ತು. ಗಾಳಿ ಮುಟ್ಟದ ತಳವಿತ್ತು.
ಕಣ್ಣಿಗೆ ಕಾಣದ ಜೀವಗಳು ಬಿಸಿಲುಂಡು ಸತ್ತು
ಜರಡಿ ಹಿಡಿದ ಹಿಟ್ಟಿನಂತೆ
ಇಳಿದವು, ಇಳಿದವು.
ಕೊಳೆಯುವುದಕ್ಕೂ ಅಲ್ಲಿ ಉಸಿರಿರಲಿಲ್ಲ.
ಹೂಳಿನ ಮೇಲೆ ಹೂಳು, ಮೈಲಿಗಟ್ಟಲೆ ಕಂಬಳಿ.
ಕೆಳಗಿನ ಒಲೆ ಬಲು ಸಣ್ಣ ಉರಿ,
ಚಹಾ ಕಾಯುವಷ್ಟೇ ಬಿಸಿ, ಕೋಟಿ ಕೋಟಿ ವರ್ಷ.
ಉರಿ ಹೆಚ್ಚಿದ್ದರೆ ಬರೀ ಅನಿಲ,
ಕಡಿಮೆಯಾಗಿದ್ದರೆ ಬರೀ ಕಲ್ಲು.

ಆಮೇಲೆ ಹೊರಟಿತು.
ಯಾರೂ ಅಟ್ಟಲಿಲ್ಲ ಎನ್ನಲಾರೆ. ಹೆತ್ತ ಕಲ್ಲೇ ಹಿಂಡಿತು.
ನೀರಿಗಿಂತ ಹಗುರ ಎಂಬುದೊಂದೇ ಬುತ್ತಿ,
ಗೊತ್ತಿದ್ದ ದಿಕ್ಕು ಒಂದೇ, ಮೇಲೆ.

ಇದನ್ನು ಕೇಳಿ ಗುಲಫ್ರೂಜ್ ಅಜ್ಜಿ ನಕ್ಕಳು:
‘ನಮ್ಮ ಕೂಚ್ ಕಣೇ ಇದು.’
ಚಳಿಗೆ ಬಯಲು, ಬೇಸಿಗೆಗೆ ಬೆಟ್ಟ,
ತೊಟ್ಟಿಲು ಹೊತ್ತ ಹೇಸರಗತ್ತೆ,
ಗಾಳಿ ತುಂಬಿದ ಮೇಕೆದೊಗಲ ಮೇಲೆ ಕಾರೂನ್ ನದಿ.
ದಾರಿಯಲ್ಲೊಂದು ಕಡೆ ಬಂಡೆ ಕಪ್ಪಗೆ ಬೆವರುತ್ತಿತ್ತಂತೆ.
ಕಡ್ಡಿಯಲ್ಲಿ ಬಳಿದು ಮೇಕೆಯ ಕಜ್ಜಿಗೆ ಹಚ್ಚಿ
ಮುಂದೆ ನಡೆದರಂತೆ.
ಆ ಬೆವರು ಎಲ್ಲಿಂದ ಬಂತೆಂದು ಕೇಳಲು
ಮೇಕೆಗಳು ಪುರುಸೊತ್ತು ಕೊಡುತ್ತಿರಲಿಲ್ಲ.

ಎಲ್ಲ ಎಣ್ಣೆಗೂ ಬಂಡೆ ದಾರಿ ಬಿಡಲಿಲ್ಲ.
ಅರೇಬಿಯಾ ಬಂದು ತಳ್ಳಿದ್ದಕ್ಕೆ
ಜಮಖಾನೆಯಂತೆ ಮಡಿಕೆಬಿದ್ದ ಬೆಟ್ಟ ನಮ್ಮ ಜಾಗ್ರೋಸ್.
ಮಡಿಕೆಯೊಂದೊಂದೂ ಬೋರಲು ಬೋಗುಣಿ.
ಒಳಗೆ ಬಿರುಕುಬಿಟ್ಟ ಸುಣ್ಣಕಲ್ಲು,
ಮೇಲೆ, ಒಣಗಿಹೋದ ಇನ್ನೊಂದು ಕಡಲಿನ ಉಪ್ಪು, ಜಿಪ್ಸಮ್,
ಎಷ್ಟು ಬಾಗಿಸಿದರೂ ಬಾಯಿಬಿಡದ ಮೊಂಡು.
ಎಣ್ಣೆ ಬಂದು ಅದಕ್ಕೆ ತಲೆ ತಾಗಿಸಿ ನಿಂತಿತು.
ನೆತ್ತಿಯಲ್ಲಿ ಅನಿಲ, ನಡುವೆ ತಾನು, ಕಾಲಡಿ ಉಪ್ಪುನೀರು.
ನಾವಿದನ್ನು ಬಲೆ ಎನ್ನುತ್ತೇವೆ.
ಬೀಸಿದವರು ಯಾರೂ ಇಲ್ಲ.

ಅಜ್ಜಿಗೂ ಡೇರೆ ಹೋಗಿ ಕಂಪನಿಯ ಓಣಿ ಬಂತು.
ಗೋಡೆ, ನಲ್ಲಿ, ಗ್ಯಾಸಿನ ಮೀಟರು.
ತಪ್ಪೇನಿಲ್ಲ, ಮೊಣಕಾಲಿಗೆ ಒಳ್ಳೆಯದಾಯಿತು ಎನ್ನುತ್ತಾಳೆ.
ನೌರೂಜ್ ಕಳೆದ ವಾರ ಮಾತ್ರ
ಚಾವಣಿ ನೋಡುತ್ತಾ ಮಲಗಿರುತ್ತಾಳೆ, ಶೂ ಬಿಚ್ಚದೆ.

ಮೊನ್ನೆ ಗೋದಾಮಿಗೆ ಕರೆತಂದೆ.
ಕಂದು ಬಣ್ಣಕ್ಕೆ ತಿರುಗಿದ ಕೋಲೊಂದನ್ನು
ಕುರಿಮರಿಯಂತೆ ಮಡಿಲಿಗೆ ಎಳೆದುಕೊಂಡು ಮೂಸಿದಳು.
‘ಎಷ್ಟು ಆಳದ್ದು?’
‘ಎರಡು ಸಾವಿರದ ಮುನ್ನೂರ ಹನ್ನೊಂದು ಮೀಟರು.’

‘ಪಾಪ, ಇನ್ನೂ ಅಷ್ಟು ನಡೆಯುವುದಿತ್ತು’ ಎಂದಳು,
ಉಗುರಿಗೆ ಹತ್ತಿದ್ದನ್ನು ಒರೆಸಿಕೊಳ್ಳದೆ.