ಬಿಳಿ ನಮ್ಮ ಪಾಲು

ದಿನಕ್ಕೆ ಇನ್ನೂರು ಬಾತುಮೊಟ್ಟೆ ಒಡೆಯುವ ಮನೆಯಲ್ಲಿ
ಹಳದಿ ಅಂಗಡಿಗೆ,
ಬಿಳಿ ನಮಗೆ.
ಬಿಳಿಯ ಸಾರು, ಬಿಳಿಯ ಹುರುಕಲು,
ಹಸಿಮೆಣಸು ಹೆಚ್ಚಿ ಹಾಕಿದ ಬಿಳಿಯ ಆಮ್ಲೆಟ್.
ಶಾಲೆಯಲ್ಲಿ ಡಬ್ಬಿ ತೆರೆದರೆ ಪಕ್ಕದವಳು ಕೇಳುತ್ತಿದ್ದಳು:
ನಿಮ್ಮನೆ ಬಾತಿಗೆ ಹಳದಿ ಇಡಲು ಬರುವುದಿಲ್ಲವೆ?

ಪೆಚ್ಚಬುರಿಯ ಹೊಳೆದಂಡೆ. ತಾಳೆಬೆಲ್ಲದ ಊರು.
ಸಮ್ಲೀ ಅತ್ತೆ (ಹೆಸರಿನ ಅರ್ಥ ಅರಳೆ)
ನಸುಕಿನ ನಾಲ್ಕಕ್ಕೆ ಹಿತ್ತಾಳೆ ಬಾಣಲೆ ಇಡುತ್ತಾಳೆ.
ರಾತ್ರಿಯಿಡೀ ಮಲ್ಲಿಗೆ ತೇಲಿದ ನೀರು,
ಸಕ್ಕರೆ,
ಜೊತೆಗೆ ಕಿವುಚಿದ ಒಂದು ಹಿಡಿ ಮೊಟ್ಟೆಚಿಪ್ಪು.
ನೋಡು, ಬಿಳಿಗೂ ಒಂದು ಕೆಲಸ ಉಂಟು:
ಚಿಪ್ಪಿಗಂಟಿದ ಲೋಳೆ ಸಕ್ಕರೆಯ ಕೊಳೆಯನ್ನೆಲ್ಲ ಹೊತ್ತು
ನೊರೆಯಾಗಿ ಮೇಲೆ ಬಂದು
ಸೌಟು ಹತ್ತಿ ಹೊರಗೆ ಹೋಗುತ್ತದೆ.

ಇನ್ನೊಂದು ಬಿಳಿಯಿದೆ. ಚಿಪ್ಪಿನ ಮೊಂಡುತುದಿಯಲ್ಲಿ
ಒಂದೇ ಒಂದು ತೊಟ್ಟು ತಿಳಿ.
ನಮ್ಮಲ್ಲಿ ಅದಕ್ಕೆ ಮೊಟ್ಟೆಯ ಇಬ್ಬನಿ ಎನ್ನುತ್ತಾರೆ.
ಬೆರಳಿನಿಂದ ಸವರಿ ಸವರಿ ಕೂಡಿಸಬೇಕು,
ಅದು ಬೆರೆಯದೆ ಹಳದಿ ನೂಲಾಗಿ ಇಳಿಯದು.
ಇನ್ನೂರು ಮೊಟ್ಟೆಗೆ ಅರ್ಧ ಲೋಟ.
ನನ್ನ ರಜೆಗಳೆಲ್ಲ ಆ ಅರ್ಧ ಲೋಟದೊಳಗೆ ಹೋದವು.

ಪಾಕ ಎಳೆ ಕಟ್ಟಬಾರದು.
ಎಳೆ ಕಟ್ಟುವುದು ಮೊಟ್ಟೆಯ ಕೆಲಸ, ನಿನ್ನದಲ್ಲ
ಎಂದು ಅತ್ತೆ ಬಾಣಲೆಯನ್ನೇ ಗದರುತ್ತಾಳೆ.
ಬಾಳೆಲೆಯ ಕೊಟ್ಟೆ, ತುದಿಗೆ ಸೂಜಿತೂತು.
ಕುದಿಯ ಮೇಲೆ ಕೈ ಸುತ್ತು ಹಾಕುತ್ತದೆ,
ಮೂವತ್ತು ಸಲ, ನಲವತ್ತು ಸಲ,
ನಿಂತರೆ ಗಂಟು, ತಡವರಿಸಿದರೆ ತುಂಡು.
ಕಡ್ಡಿಯಿಂದ ಎತ್ತಿ, ಅಲ್ಲಾಡಿಸಿ, ಮಡಿಸಿದರೆ
ತೊಟ್ಟಿಕ್ಕುವ ಒಂದು ಲಡಿ:
ಫೋಯ್ ಥಾಂಗ್. ಚಿನ್ನದ ನೂಲು.
ಮದುವೆಯದಕ್ಕೆ ಚಾಕು ತಾಗಿಸಬಾರದು,
ಎಳೆ ಎಷ್ಟುದ್ದವೋ ಬಾಳು ಅಷ್ಟುದ್ದ.
ಅತ್ತೆಗೆ ಮದುವೆಯಾಗಲಿಲ್ಲ. ಕೇಳಿದರೆ,
ಕೊಟ್ಟೆ ಕೆಳಗಿಡಲು ಪುರುಸೊತ್ತಾಗಲಿಲ್ಲ ಅನ್ನುತ್ತಾಳೆ.

ಬಂದವರು ಸುಮ್ಮನೆ ಕೇಳುತ್ತಾರೆ, ನಿನಗೆ ಯಾವ ಸಿಹಿ ಇಷ್ಟ?
ಒಂಬತ್ತು ಪದರದ ಖನೋಮ್ ಚಾನ್, ಅನ್ನುತ್ತೇನೆ,
ಒಂದೊಂದೇ ಪದರ ಸುಲಿದು ತಿನ್ನುವ ಚಪಲಕ್ಕೆ.
ಹೆಸರುಬೇಳೆಯ ಹೂರಣ ತಿದ್ದಿ ಮಾಡಿದ
ಉಗುರಿನಷ್ಟು ಮಾವು, ಉಗುರಿನಷ್ಟು ಮೆಣಸಿನಕಾಯಿ.
ಗುಳಿಗಾವಲಿಯಲ್ಲಿ ಒಂಟಿಯಾಗಿ ಬೆಂದು
ಇಳಿಸುವಾಗ ಜೋಡಿಯಾಗುವ ಖನೋಮ್ ಕ್ರೋಕ್.
ಸುಳ್ಳಲ್ಲ. ಎಲ್ಲ ಇಷ್ಟವೇ.
ಆದರೆ ಮಳೆಯ ರಾತ್ರಿ, ಮಿಕ್ಕ ಬಿಳಿಗೆ
ತಾಳೆಬೆಲ್ಲ, ತೆಂಗಿನಹಾಲು, ಚಿಟಿಕೆ ಉಪ್ಪು ಕಲಸಿ
ಅಂಚು ಒಡೆದ ಬಟ್ಟಲಲ್ಲಿ ಹಬೆಗಿಡುತ್ತಿದ್ದಳಲ್ಲ ಅತ್ತೆ,
ಅದಕ್ಕೆ ಹೆಸರಿಲ್ಲ.
ಹೆಸರಿಲ್ಲದ್ದನ್ನು ಬೋರ್ಡಿನಲ್ಲಿ ಬರೆಯುವುದು ಹೇಗೆ.

ಹೋದ ವರ್ಷದಿಂದ ಅವಳ ಕೈ ನಡುಗುತ್ತದೆ.
ಎಳೆಗಳು ಗೇಣಿಗೊಮ್ಮೆ, ಬೆರಳಿಗೊಮ್ಮೆ ಕಡಿದು ಬೀಳುತ್ತವೆ.
ಕಡಿದದ್ದು ಬೇರೆ ತಟ್ಟೆಗೆ,
ಸಂಜೆ ಅರ್ಧ ಬೆಲೆಗೆ ಶಾಲೆಮಕ್ಕಳಿಗೆ.
ತಟ್ಟೆ ದೊಡ್ಡದಾಗುತ್ತಿದೆ. ನಾವು ಆ ಮಾತು ಎತ್ತುವುದಿಲ್ಲ.

ಶುಕ್ರವಾರ ಒಣಮೀನಿನ ಚಮ್ನಿಯನ್ ಬಂದಳು.
ಐವತ್ತೆಂಟು ವಯಸ್ಸು, ತುಟಿಗೆ ಹೊಸ ಬಣ್ಣ.
ನಾಡಿದ್ದು ಮದುವೆ ಅಂದಳು,
ದೋಣಿ ರಿಪೇರಿಯವನ ಜೊತೆ, ಇದು ಮೂರನೆಯದು.
ಉದ್ದದ ಲಡಿಗೆ ನಾನು ಕೈ ಹಾಕಿದೆ,
ಅವಳು ಅಡ್ಡ ಹಿಡಿದಳು:
ಅದು ಬೇಡ ಮಗಳೆ,
ಎರಡು ಸಲವೂ ಒಂದೂ ಕಡಿಯದ್ದನ್ನೇ ಒಯ್ದಿದ್ದೆ, ಇಲ್ಲಿಂದಲೇ.
ಆ ತುಂಡಿನ ತಟ್ಟೆಗೆ ಎಷ್ಟು?

ಒಲೆಯ ಕಡೆಯಿಂದ ಅತ್ತೆ ತಿರುಗಲಿಲ್ಲ.
ಭುಜ ಮಾತ್ರ ಅಲುಗಿತು, ನಗುವೋ ನಡುಕವೋ.
ಪೂರಾ ಬೆಲೆ, ಅಂದಳು.
ಮದುವೆಯದಲ್ಲವೆ.

ಚಮ್ನಿಯನ್ ಚೌಕಾಸಿ ಮಾಡದೆ ಕೊಟ್ಟಳು;
ನೋಟಿಗೆ ಮೀನಿನ ವಾಸನೆ.
ಆ ಸಂಜೆ ಮಕ್ಕಳಿಗೆ ತುಂಡು ಸಿಗಲಿಲ್ಲ.
ರಾತ್ರಿ ಊಟಕ್ಕೆ ನಮಗೇನಿತ್ತು ಎಂದು
ನೀವು ಕೇಳಬಾರದು.