ಇಪ್ಪತ್ತಾರು

ಒರೂರೊದಲ್ಲಿ ಜೂನ್; ನೀರು ಬಕೆಟ್ಟಿನಲ್ಲೇ ಗಾಜು.
ಯೆಸೇನಿಯಾ ಲ್ಯಾಪ್‌ಟಾಪನ್ನು ಕಿಟಕಿಕಟ್ಟೆಯ ಮೇಲಿಟ್ಟು
ಕೆಳಗೆ ಎರಡು ಸೋಡಾ ಮುಚ್ಚಳ ಕೊಟ್ಟಳು.
ಈ ಊರಿನ ಚಳಿಗೆ ಖರ್ಚಿಲ್ಲ.

ಸೆಕೆಂಡಿಗೆ ಹನ್ನೊಂದು ಚಿತ್ರ.
ಕತ್ತಿ ಎತ್ತಿದವನು ಎತ್ತಿಕೊಂಡೇ ನಿಂತಿರುತ್ತಾನೆ,
ನಾವು ಸತ್ತದ್ದು ನಮಗೆ ಆಮೇಲೆ ಗೊತ್ತಾಗುತ್ತದೆ.

ಮೊದಲು ನೆರಳು ತೆಗೆದಳು.
ಆಮೇಲೆ ಹುಲ್ಲು, ಕೆರೆಯೊಳಗಿನ ಆಕಾಶ.
ದೂರದ ಬೆಟ್ಟಕ್ಕೆ ಮಂಜು ಹೊದಿಸಿದಳು,
ಕಾಣದ್ದನ್ನು ಯಂತ್ರ ಬರೆಯಬೇಕಿಲ್ಲವಲ್ಲ.
ಕಲ್ಲಿನ ಸಿಪ್ಪೆ ಸುಲಿದು ತೆಳ್ಳಗೆ ಮಾಡಿ
"ಗೋಡೆ ಗೋಡೆಯಾಗಿದ್ದರೆ ಸಾಕು ಕಣೋ" ಅಂದಳು.
ಹದಿನೇಳು. ಹತ್ತೊಂಬತ್ತು. ಮತ್ತೆ ಹದಿನೇಳು.

ಸಂತೆಯ ಮೂಲೆಗೆ ಬಂದರೆ ಲೋಕವೇ ತೊದಲುತ್ತದೆ.
ಅಲ್ಲಿ, ರಾಜರ ಕಾಲದ ಪೇಟೆಯಲ್ಲಿ, ಬೌಲರ್ ಟೋಪಿಯ ಹೆಂಗಸೊಬ್ಬಳು
ನೇರಳೆ ಜೋಳದ ಗಂಜಿ ಮಾರುತ್ತಾಳೆ.
ಯೆಸೇನಿಯಾಳ ಅಣ್ಣ ಎಲ್ಮೆರ್ ಗಣಿ ಸೇರುವ ಮೊದಲು
ಆರು ತಿಂಗಳು ಕೂತು ಕಡೆದವಳು:
ಲಂಗದ ಒಂದು ನಿರಿಗೆಯನ್ನೂ ಬಿಟ್ಟಿಲ್ಲ ಪುಣ್ಯಾತ್ಮ.

"ಇವಳನ್ನ ಅಳಿಸಿಬಿಡು," ಅಂದೆ.
ಕೇಳಿಸದವಳಂತೆ ಮೌಸ್ ಆಡಿಸುತ್ತಾ
ಮಳೆ ತೆಗೆದಳು, ಹಕ್ಕಿ ತೆಗೆದಳು,
ಕೊನೆಗೆ, ತುಸು ತಡೆದು, ಗಡಿಗೆಯ ಹಬೆ.
ಇಪ್ಪತ್ತಾರು!

ಪಾಳಿ ಮುಗಿಸಿ ಬಂದ ಎಲ್ಮೆರ್
ಬೂಟು ಕಳಚದೆ ಬಗ್ಗಿ ನೋಡಿದ.
"ಚೆನ್ನಾಗಿ ಓಡುತ್ತಿದೆ," ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಗಂಜಿ ಆರಿಹೋಗಿದೆ."