ಮೌನ ಒಂದರಿಂದ ಅರವತ್ತನಾಲ್ಕು

ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ತುಂಬಿದೆ ಡಿಸ್ಕು.
ಪರದೆಯ ಮೇಲಿನ ಪಟ್ಟಿ ಕೆಂಪಗೆ,
ಮದುವೆಯೂಟದ ಕೊನೆಯಲ್ಲಿ ವೋಡ್ಕಾ ಏರಿದ ಬೀಗರ ಕೆನ್ನೆಯ ಹಾಗೆ.
ಸಂಜೆ ಆರಕ್ಕೆ ನಗರಸಭೆ. ಮೂರು ಗಂಟೆ ಮಾತು,
ಹದಿನಾಲ್ಕು ಮೈಕು, ಪ್ರತಿ ಬಾಯಿಗೂ ಪ್ರತ್ಯೇಕ ಕಡತ.
ಉಳಿದಿರುವುದು ಮೂರು ನಿಮಿಷದ ಜಾಗ.

ಗ್ಯೂಮ್ರಿಯ ಫೆಬ್ರವರಿ. ಕಿಟಕಿಯಾಚೆ
ಕರಿಕಲ್ಲಿನ ಗೋಡೆಗಳ ನೆತ್ತಿಯಲ್ಲಿ ಹಿಮ ಗಟ್ಟಿಯಾಗಿ ಕೂತಿದೆ.
ರೇಡಿಯೋ ಕೇಂದ್ರವೆಂದರೆ ಎರಡು ಕೋಣೆ, ಒಂದು ಹೀಟರು,
ನಾನು, ಮತ್ತೆ ಹನ್ನೊಂದು ವರ್ಷದ ಈ ಯಂತ್ರ.
ಹೊಸದಕ್ಕೆ ಅರ್ಜಿ ಹಾಕಿ ಎರಡು ಚಳಿಗಾಲ ಕಳೆಯಿತು.

ಮೊದಲು ಸುಲಭದ್ದು:
ತಾತ್ಕಾಲಿಕ ಎಂದು ಹೆಸರಿಟ್ಟುಕೊಂಡು
ಏಳು ವರ್ಷದಿಂದ ಬೀಡುಬಿಟ್ಟವು.
ನಕಲು, ನಕಲಿನ ನಕಲು,
‘ಕೊನೆಯದು’, ‘ನಿಜವಾದ ಕೊನೆಯದು’, ‘ಇದೇ ಕೊನೆಯದು, ಹಯ್ಕಾನುಷ್’.
ಆಮೇಲೆ ಯಂತ್ರ ತನ್ನ ನಿದ್ದೆಗೆಂದು
ಎತ್ತಿಟ್ಟುಕೊಂಡ ಮೂರು ಜಿಬಿ ಹಾಸಿಗೆ.
ಸುರುಳಿ ಸುತ್ತಿ ಎಸೆದೆ. ಇನ್ನು ನನ್ನ ಹಾಗೆಯೇ
ಕೂತಲ್ಲೇ ತೂಕಡಿಸಲಿ.

ಸಾಲದು.
ಗಾತ್ರದ ಪ್ರಕಾರ ನಿಲ್ಲಿ ಎಂದೆ.
ಮೇಲೆ ಬಂದು ನಿಂತದ್ದು ಮೇಯರಲ್ಲ, ಪಾದ್ರಿಯಲ್ಲ;
ಮೌನ ಒಂದು, ಮೌನ ಎರಡು, ಮೌನ ಅರವತ್ತನಾಲ್ಕು.

ವಾಘಿನಾಕ್ ಇಟ್ಟ ಹೆಸರು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು.
ಹೋದಲ್ಲೆಲ್ಲ, ಸಂದರ್ಶನ ಮುಗಿದ ಮೇಲೆ
ಕೈಯೆತ್ತಿ, ‘ಈಗ ಯಾರೂ ಉಸಿರೆತ್ತಬೇಡಿ’ ಎಂದು
ಬರೀ ಕೋಣೆಯನ್ನು ಮುದ್ರಿಸುತ್ತಿದ್ದ.
ಕತ್ತರಿಸಿದ ಮಾತಿಗೆ ತೇಪೆ ಹಾಕಲು ಅರ್ಧ ನಿಮಿಷ ಸಾಕು.
ಅವನು ಜನ ಎದ್ದು ಹೋದರೂ ನಿಲ್ಲಿಸದೆ
ಹೊರಗೆ ನಿಂತು ಸಿಗರೇಟು ಸೇದುತ್ತಿದ್ದನಂತೆ.

ಡಿಸ್ಕಿನ ನ್ಯಾಯವೇ ಬೇರೆ:
ಮಾತಾಡಿದ ನಿಮಿಷಕ್ಕೆ ಎಷ್ಟೋ
ಮಾತಾಡದ ನಿಮಿಷಕ್ಕೂ ಅಷ್ಟೇ ಬಾಡಿಗೆ.

ಫೋನು ಮಾಡಿದೆ. ಈಗ ಪಾರಿವಾಳ ಸಾಕುತ್ತಾನೆ.
‘ಅಳಿಸಿಬಿಡು, ಏನೂ ಇಲ್ಲ ಅದರಲ್ಲಿ’ ಅಂದ.
ಹಿಂದೆ ರೆಕ್ಕೆಗಳ ಪಟಪಟ. ‘ನೀರು ಹೆಪ್ಪುಗಟ್ಟಿದೆ, ಇಡ್ತೀನಿ.’

ಏನೂ ಇಲ್ಲದ್ದನ್ನು ಅಳಿಸುವ ಮುಂಚೆ
ಒಮ್ಮೆ ಕೇಳಿಬಿಡೋಣವೆಂದು ಕಿವಿಗಿಟ್ಟೆ.

ಹದಿನೇಳು: ಲವಾಶ್ ಸುಡುವವರ ಮನೆ. ಹಿಟ್ಟು ತಟ್ಟುವ ಕೈಗಳಿಲ್ಲ;
ನೆಲದೊಳಗಿನ ಒಲೆ ತನ್ನಷ್ಟಕ್ಕೆ ಆರುತ್ತಾ
ಟಿಕ್, ಟಿಕ್.
ಇಪ್ಪತ್ತೆರಡು: ಕ್ಷೌರದಂಗಡಿ. ಯಾರದೋ ಹೊಟ್ಟೆ ಗುರ್ ಅನ್ನುತ್ತದೆ,
ಇನ್ಯಾರೋ ನಗು ತಡೆಯಲಾರದೆ ಮೂಗಿನಲ್ಲಿ ಬಿಟ್ಟ ಗಾಳಿ.
ನಲವತ್ತೊಂದು: ಕಾಲುಚೀಲದ ಗಿರಣಿ, ಬೀಗ ಬಿದ್ದ ಮಾರನೆಯ ದಿನ.
ಇಪ್ಪತ್ತು ನಿಮಿಷ ಕೂತೆ.
ಕೇಳಿಸಿದ್ದು ನನ್ನ ಕಿವಿಯೊಳಗಿನ ರಕ್ತ.

ಆಗಲೇ ನಾಲ್ಕೂಮುಕ್ಕಾಲು.
ನವೆಂಬರಿನ ಸಭೆ ತೆರೆದೆ. ಅದರ ಹಿಂದಿನದು. ಅದಕ್ಕೂ ಹಿಂದಿನದು.
ಮೂರರಲ್ಲೂ ಅದೇ ಕೆಮ್ಮು, ಅದೇ ರಸ್ತೆ,
‘ಬರುವ ವಸಂತದೊಳಗೆ’ ಎಂಬ ಅದೇ ಏರುದನಿ.
ಒಂದನ್ನು ಸಾಕ್ಷಿಗೆ ಇಟ್ಟುಕೊಂಡು
ಎರಡನ್ನು ಬುಟ್ಟಿಗೆ ಹಾಕಿದೆ.

ಪಟ್ಟಿ ಕೆಂಪಗೇ ಇತ್ತು.
ಮರೆತಿದ್ದೆ: ಬುಟ್ಟಿಗೆ ಹಾಕಿದ್ದು ಹೋಯಿತೆಂದಲ್ಲ,
ಬರ್ತೀವಿ ಬರ್ತೀವಿ ಎನ್ನುತ್ತ ಕೋಟು ತೊಟ್ಟು
ಬಾಗಿಲಲ್ಲೇ ನಿಂತ ನೆಂಟರು ಅವು.
ಖಾಲಿ ಮಾಡು ಎಂದೆ.
‘ಖಚಿತವೇ?’ ಕೇಳಿತು ಯಂತ್ರ.
ಆ ಸಭೆಯಲ್ಲಿ ಯಾರನ್ನೂ ಯಾರೂ
ಹಾಗೆ ಕೇಳಿದ ನೆನಪಿಲ್ಲ ನನಗೆ.

ಆರಕ್ಕೆ ಹತ್ತು ನಿಮಿಷವಿರುವಾಗ ಸಭಾಂಗಣದ ತಂತಿ ಜೋಡಿಸಿದೆ.
ಒಬ್ಬರೂ ಬಂದಿರಲಿಲ್ಲ.
ಹದಿನಾಲ್ಕು ಮೈಕು, ಹದಿನಾಲ್ಕು ಕುರ್ಚಿ;
ಎಲ್ಲೋ ಒಂದು ರೇಡಿಯೇಟರು ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಹೊತ್ತಿಗೆ ಮುಂಚೆಯೇ ಗುಂಡಿ ಒತ್ತಿದೆ.
ಹೆಸರೇನು ಎಂದಿತು.
ಅರವತ್ತೈದು ಎಂದು ಬೆರಳೇ ಬರೆಯಿತು,
ಯಾರೋ ಬಂದು ಕರ್ರೆಂದು ಕುರ್ಚಿ ಎಳೆಯುವಷ್ಟರಲ್ಲಿ.